ಹದಿನೈದು ನಿಮಿಷ ಮುಂದೆ

ನನ್ನ ಬಾವ, ಅಂದರೆ ಅಕ್ಕನ ಗಂಡ, ಮೋಟಾರು ಓಡಿಸಿದಷ್ಟು ಚೆನ್ನಾಗಿ ಓಡಿಸಿದ ಇನ್ನೊಬ್ಬರನ್ನು ನಾನು ಕಾಣಲಿಲ್ಲ. ನೆಂಟಸ್ತನದ ಮೋಹಕ್ಕೆ ಈ ಮಾತು ಹೇಳುತ್ತಿಲ್ಲ. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟನಾಗಿ ಕೂತು ಬರುವ ಹೋಗುವ ಬಸ್ಸುಗಳ ಹೊತ್ತನ್ನು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ಟಿಕೆಟು ಕೊಡುವುದು, ಮೂಟೆ ಹೇರಿಸುವುದು, ಜನರಿಂದ ಬೈಸಿಕೊಳ್ಳುವುದು ಅದರ ಜೊತೆಗೆ. ಹಾಗಾಗಿ ಈ ಸೀಮೆಯ ಡ್ರೈವರುಗಳನ್ನೆಲ್ಲ ನಾನು ಬಲ್ಲೆ. ಅವರಲ್ಲಿ ಬ್ರೇಕು ನಂಬಿ ಬದುಕುವವರಿದ್ದರು, ದೇವರನ್ನು ನಂಬಿ ಬದುಕುವವರಿದ್ದರು. ಬಾವ ರಸ್ತೆಯನ್ನು ನಂಬುತ್ತಿದ್ದರು.

ಅವರದು ಮುಳಬಾಗಿಲು–ಕೋಲಾರದ ಬಸ್ಸು. ಮುಳಬಾಗಿಲಿನಲ್ಲಿ ದಿನ ತುಂಬಿದ ಬಸುರಿಯನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಬರಬೇಕಾದರೆ, ಬೇರೆ ಬಸ್ಸು ಎದುರಿಗೇ ನಿಂತಿದ್ದರೂ ಮನೆಯವರು ಹತ್ತಿಸುತ್ತಿರಲಿಲ್ಲ. "ಆಯಪ್ಪನ ಬಸ್ಸು ಬರ್ಲಿ" ಎಂದು ಮರದ ಕೆಳಗೆ ಕೂತಿರುತ್ತಿದ್ದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರು ಕೊಟ್ಟಾರು? ಆದರೆ ಬಸುರಿ ಹೆಂಗಸರ ಸರ್ಟಿಫಿಕೇಟು ಬೆಂಗಳೂರಿನಲ್ಲಿ ನಡೆಯುವುದಿಲ್ಲ.

ಬೆಂಗಳೂರು ದಂಡಿನಲ್ಲಿ ಮೋಟಾರು ಅಂಗಡಿ ಇಟ್ಟಿದ್ದ ಒಬ್ಬ ದೊಡ್ಡ ಮನುಷ್ಯರಿದ್ದರು. ನಾವು ಅವರನ್ನು ಯಜಮಾನರು ಅನ್ನುತ್ತಿದ್ದೆವು. ಬಾವ ಓಡಿಸುವ ಬಸ್ಸು ಅವರ ಅಂಗಡಿಯಿಂದಲೇ ಬಂದದ್ದು. ಹೇಗೆ ಓಡುತ್ತಿದೆ ನೋಡೋಣ ಎಂದು ಒಂದು ಸಲ ಕೋಲಾರಕ್ಕೆ ಬಂದವರು ಬಾವನ ಪಕ್ಕದಲ್ಲಿ ಕೂತು ಮುಳಬಾಗಿಲಿಗೆ ಹೋಗಿ ಬಂದರು. ಇಳಿದವರೇ ಬಸ್ಸಿನ ವಿಷಯ ಮರೆತು ಬಾವನ ಕೈ ನೋಡಿದರು. ಜೋಯಿಸರು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಅಲ್ಲಿಂದ ಶುರು ನಮ್ಮ ಗ್ರಹಚಾರ.

ಆಗೆಲ್ಲ ವರ್ಷಕ್ಕೊಂದು ಸಲ, ಕೆರೆಗಳು ತುಂಬಿ ಅವರೆಕಾಯಿ ಬರುವ ಹೊತ್ತಿಗೆ, ಬೆಂಗಳೂರಿನ ಕಾರಿನವರ ಕ್ಲಬ್ಬು ಒಂದು ಓಟ ಇಡುತ್ತಿತ್ತು. ಅವರು ಅದನ್ನು ಟ್ರಯಲ್ ಅನ್ನುತ್ತಿದ್ದರು. ಬೆಂಗಳೂರಿನಿಂದ ಮಾಲೂರು, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಸುತ್ತಿಕೊಂಡು ನರಸಾಪುರದ ಮೇಲೆ ಸಂಜೆಯೊಳಗೆ ವಾಪಸು ಬೆಂಗಳೂರು. ಪ್ರತಿ ಊರಿನಲ್ಲೂ ಒಂದು ಮೇಜು, ಮೇಜಿನ ಮೇಲೊಂದು ಗಡಿಯಾರ, ಅದರ ಹಿಂದೆ ಒಬ್ಬ ಆಫೀಸರು. ಯಾವ ಊರಿಗೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬರಬೇಕೆಂದು ಮೊದಲೇ ಕಾರ್ಡಿನಲ್ಲಿ ಬರೆದು ಕೊಡುತ್ತಿದ್ದರು. ಮೊದಲು ಬಂದವನು ಗೆದ್ದ ಅನ್ನುವುದು ಅಲ್ಲಿಲ್ಲ, ಹೇಳಿದ ನಿಮಿಷಕ್ಕೆ ಬಂದವನು ಗೆದ್ದ. ತಡವಾದರೆ ನಿಮಿಷಕ್ಕೆ ಒಂದು ಮಾರ್ಕು ಕಳೆಯುತ್ತಿದ್ದರು, ಬೇಗ ಬಂದರೆ ಎರಡು. ಊರ ರಸ್ತೆಯಲ್ಲಿ ಹುಚ್ಚಾಪಟ್ಟೆ ಓಡಿಸಬಾರದು ಅಂತ ಆ ಕಟ್ಟಲೆ. ನಮ್ಮ ಸ್ಟ್ಯಾಂಡಿನ ಕಂಡಕ್ಟರೊಬ್ಬ ಇದನ್ನು ಕೇಳಿ, "ಬೇಗ ಬಂದ್ರೆ ತಪ್ಪಾ? ಇದೆಂಥಾ ಓಟ ರೀ ದೊಡ್ಡೋರ್ದು!" ಎಂದು ತಲೆ ಕೆರೆದುಕೊಂಡ.

ಮೂರು ವರ್ಷ ಬಾವ ಯಜಮಾನರಿಗೆ ಆ ರಸ್ತೆ ಕಲಿಸಿದರು. ಓಟಕ್ಕೆ ಹದಿನೈದು ದಿನ ಮೊದಲು ಬಸ್ಸಿಗೆ ರಜಾ ಹಾಕಿಸಿ, ಯಜಮಾನರ ಕಾರನ್ನು ತಾವು ಓಡಿಸುತ್ತಾ ಎಲ್ಲಿ ಹಳ್ಳ, ಎಲ್ಲಿ ಮರಳು, ಯಾವ ತಿರುವಿನಲ್ಲಿ ಎತ್ತಿನ ಗಾಡಿ ಎದುರಾಗುತ್ತದೆ ಎಲ್ಲ ತೋರಿಸಿಕೊಟ್ಟರು. ಓಟದ ದಿನ ಮಾತ್ರ ಯಜಮಾನರು ಸ್ಟಿಯರಿಂಗು ಹಿಡಿಯುವುದು, ಬಾವ ಮೆಕ್ಯಾನಿಕ್ ಅನ್ನಿಸಿಕೊಂಡು ಪಕ್ಕದಲ್ಲಿ ನೀರಿನ ಡಬ್ಬ ಹಿಡಿದು ಕೂರುವುದು. ಎರಡು ಸಲ ಬೆಳ್ಳಿ ಬಟ್ಟಲು ಬಂತು. ಅದರ ಮೇಲೆ ಕೆತ್ತಿದ್ದು ಯಜಮಾನರ ಹೆಸರು.

ಬಾವ ಒಬ್ಬರದೇ ಈ ಕಥೆಯಲ್ಲ. ಮಾಲೂರಿನವರೊಬ್ಬರಿದ್ದರು, ಗೇರು ಬದಲಾಯಿಸಿದ್ದು ಪಕ್ಕದಲ್ಲಿ ಕೂತವರಿಗೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಅವರು ಹೆಂಚಿನ ಲಾರಿ ಓಡಿಸಿಕೊಂಡು ಮುದುಕರಾದರು. ಲಕ್ಕೂರಿನ ಕಡೆಯವರೊಬ್ಬರು ಕ್ಲಬ್ಬಿಗೆ ಮೂರು ಸಲ ಅರ್ಜಿ ಹಾಕಿ, ಮೂರು ಸಲವೂ ಉತ್ತರ ಬರದೆ, ಯುದ್ಧ ಬಂದಾಗ ದಂಡಿಗೆ ಸೇರಿಬಿಟ್ಟರು. ಓಟದ ಹಿಂದಿನ ವಾರ ಇವರೆಲ್ಲ ಕೋಲಾರದಲ್ಲಿ ಸಿಕ್ಕಿ, ತಂತಮ್ಮ ದೊರೆಗಳ ಕಾರು ನೆರಳಿಗೆ ನಿಲ್ಲಿಸಿ, ರಸ್ತೆಯ ವಿಷಯ ಮಾತಾಡುತ್ತಿದ್ದರು. ಒಬ್ಬರಿಗೊಬ್ಬರು ಏನೂ ಮುಚ್ಚಿಡುತ್ತಿರಲಿಲ್ಲ. ಗೆಲ್ಲುವುದು ಹೇಗೂ ಇವರಲ್ಲವಲ್ಲ!

ನಾಲ್ಕನೆಯ ವರ್ಷ ಯಜಮಾನರು ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ದೇವರು ಕೊಡೋದಾದರೆ ಬಚ್ಚಲಲ್ಲೂ ಕೊಡ್ತಾನೆ ಎಂದು ನಾನು ಅಂದದ್ದು ಅಕ್ಕನಿಗೆ ಸೇರಲಿಲ್ಲ. ಯಜಮಾನರು ಕ್ಲಬ್ಬಿನವರಿಗೆ ಹೇಳಿ, ಆ ಸಲ ತಮ್ಮ ಕಾರನ್ನು ಬಾವ ಓಡಿಸಲು ಒಪ್ಪಿಗೆ ತಂದರು. ತಂದವರು ಕೋಲಾರದ ಸ್ಟ್ಯಾಂಡಿಗೇ ಬಂದು, ಕೈಗೆ ಜೋಳಿಗೆ ಕಟ್ಟಿಕೊಂಡು ನಿಂತು, ನನ್ನ ಎದುರಿಗೇ ಹೇಳಿದರು: "ಒಂದು ಮಾರ್ಕೂ ಹೋಗದ ಹಾಗೆ ಕಾರು ತಂದುಬಿಡಯ್ಯ. ಬರೋ ವರ್ಷದಿಂದ ನೀನೇ ನಮ್ಮ ಅಂಗಡಿಯ ಡ್ರೈವರು. ನಿನ್ನ ಹೆಸರಲ್ಲೇ ಓಡು. ಮದ್ರಾಸು, ಬೊಂಬಾಯಿ, ಎಲ್ಲಿ ಓಟ ಇದ್ದರೂ ಕಳಿಸ್ತೀನಿ."

ಬಾವ ಆ ದಿನ ಮುಳಬಾಗಿಲಿನ ಮನೆಯಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದರೋ. "ಬೊಂಬಾಯಿ" ಎಂದು ಅವರು ಹೇಳುತ್ತಿರಲಿಲ್ಲ, "ನನ್ನ ಹೆಸರಲ್ಲೇ" ಎಂದು ಹೇಳುತ್ತಿದ್ದರು. ಅಕ್ಕ ಅವರೆಕಾಳು ಇದುಕುತ್ತಾ ಕೂತಿದ್ದವಳು, "ಪೇಪರ್ನಲ್ಲಿ ಹಾಕ್ತಾರಾ?" ಎಂದು ಕೇಳಿದಳು. ಹಾಕುತ್ತಾರೆ ಎಂದೆ. "ಹಂಗಾದ್ರೆ ಒಂದು ಒಳ್ಳೆ ಕೋಟು ಹೊಲಿಸ್ಕೊಳ್ಳಿ" ಎಂದು ಗಂಡನಿಗೆ ಹೇಳಿ ಮತ್ತೆ ಕಾಳಿಗೆ ಕೈ ಹಾಕಿದಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ಮದುವೆಯ ದಿನವೂ ನಾನು ನೋಡಿರಲಿಲ್ಲ.

ಪಕ್ಕದ ಸೀಟಿಗೆ ಬಾವ ನನ್ನನ್ನು ಆರಿಸಿಕೊಂಡರು. ನಾನು ಲೋವರ್ ಸೆಕೆಂಡರಿ ಪಾಸು, ಇಂಗ್ಲಿಷು ಅಂಕಿ ಅಕ್ಷರ ಓದುತ್ತಿದ್ದೆ, ಕೈಗಡಿಯಾರವಿತ್ತು. ಹೊತ್ತು ನೋಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಅನ್ನುವ ಜಂಬವೂ ಇತ್ತು. "ನಿನ್ನ ಕೆಲ್ಸ ಒಂದೇ ಕಣೋ ಬಾಮೈದ," ಅಂದರು ಬಾವ. "ಹೊತ್ತು ಹೇಳೋದು. ರಸ್ತೆ ನನಗೆ ಬಿಡು."

ಓಟದ ದಿನ ಮಾಲೂರಿನ ಮೇಜನ್ನು ಹೇಳಿದ ನಿಮಿಷಕ್ಕೆ ಮುಟ್ಟಿದೆವು. ಕೋಲಾರವೂ ಹಾಗೇ. ಬಾವ ಊರಿಗೆ ಸ್ವಲ್ಪ ಮೊದಲೇ ಬಂದು, ಹುಣಸೆಮರದ ಹಿಂದೆ ಕಾರು ನಿಲ್ಲಿಸಿ ಬೀಡಿ ಹಚ್ಚುತ್ತಿದ್ದರು. ನಾನು "ಈಗ" ಅಂದಾಗ ಬೀಡಿ ಎಸೆದು ಮೆಲ್ಲಗೆ ಹೋಗಿ ಮೇಜಿನ ಮುಂದೆ ನಿಲ್ಲಿಸುತ್ತಿದ್ದರು. ಅದನ್ನು ನೋಡಿ ನನಗೆ ಈ ಓಟ ನಮ್ಮದೇ ಅನ್ನಿಸಿಬಿಟ್ಟಿತ್ತು.

ಶ್ರೀನಿವಾಸಪುರದ ಮೇಜಿನಲ್ಲಿದ್ದವರು ಮೈಸೂರಿನ ಕಡೆಯವರು. ನಾನು ಇಳಿದು ಕಾರ್ಡು ಕೊಟ್ಟೆ, ಗುರುತು ಹಾಕಿ ವಾಪಸು ಕೊಟ್ಟರು. ಆಗ ಹತ್ತೂ ಇಪ್ಪತ್ತು. ಮುಳಬಾಗಿಲನ್ನು ಹನ್ನೊಂದೂ ಹತ್ತಕ್ಕೆ ಮುಟ್ಟಬೇಕು ಎಂದು ಕಾರ್ಡಿನಲ್ಲಿತ್ತು. ಅವರು ತಲೆಯೆತ್ತದೆ, "ಮುಳಬಾಗಿಲಿನ ಟೈಮು ಹದಿನೈದು ನಿಮಿಷ ಮುಂದೆ. ಎಲ್ಲರಿಗೂ," ಎಂದರು. ನಾನು ಓಡಿಬಂದು ಕಾರು ಹತ್ತಿ ಬಾವನಿಗೆ ನಮ್ಮ ತೆಲುಗಿನಲ್ಲಿ ಹೇಳಿದೆ: "ಪದೈದು ನಿಮುಷಾಲು ಮುಂದಂಟ ಬಾವಾ!"

ನಮ್ಮ ಸೀಮೆಯವರಿಗೆ ಇಷ್ಟು ಹೇಳಿದರೆ ಸಾಕು, ಹಣೆ ಚಚ್ಚಿಕೊಳ್ಳುತ್ತಾರೆ. ಬೇರೆಯವರಿಗಾಗಿ ಬಿಡಿಸಿ ಹೇಳುತ್ತೇನೆ. ಕನ್ನಡದವರು ಹೊತ್ತು ಹದಿನೈದು ನಿಮಿಷ ಮುಂದೆ ಅಂದರೆ ಅಷ್ಟು ತಡವಾಗಿ ಎಂದರ್ಥ. ತೆಲುಗಿನವರಿಗೆ ಮುಂದು ಅಂದರೆ ಮೊದಲು, ಮುಂಚೆ. ನಮ್ಮ ಮನೆಮಾತು ತೆಲುಗು, ಬೀದಿಯಲ್ಲಿ ಕನ್ನಡ, ಬಾಯಲ್ಲಿ ಎರಡೂ ಕಲಸುಮೇಲೋಗರ. ಇಸ್ಕೂಲಿನಲ್ಲಿ ಕಲಿತ ಕನ್ನಡದಲ್ಲಿ ನಾನು ತಾಲ್ಲೂಕು ಕಚೇರಿಗೆ ಅರ್ಜಿ ಬರೆದುಕೊಡುತ್ತಿದ್ದವನು. ಆದರೆ ಗಾಬರಿಯಾದಾಗ ಕಿವಿ ಕೇಳುವುದು ಅಮ್ಮನ ಭಾಷೆಯನ್ನೇ. ಅವರು ಹನ್ನೊಂದೂ ಇಪ್ಪತ್ತೈದು ಅಂದದ್ದು ನನಗೆ ಹತ್ತೂ ಐವತ್ತೈದು ಎಂದು ಕೇಳಿಸಿತು. ದೊಡ್ಡವರ ಆಟ, ಕಷ್ಟ ಕೊಟ್ಟು ನೋಡುತ್ತಿದ್ದಾರೆ ಎಂದುಕೊಂಡೆ.

"ಇಪ್ಪತ್ತು ಮೈಲಿ. ಮೂವತ್ತೈದು ನಿಮಿಷ," ಅಂದರು ಬಾವ. ಆ ರಸ್ತೆ ಎಂಥದೆಂದು ಗೊತ್ತಿದ್ದವರು ಯಾರಾದರೂ ಆಗಲ್ಲ ಅಂದುಬಿಡುತ್ತಿದ್ದರು. ಬಾವ ಟೋಪಿ ತೆಗೆದು ನನ್ನ ತೊಡೆಯ ಮೇಲೆ ಹಾಕಿದರು.

ಆ ಮೂವತ್ತೈದು ನಿಮಿಷವನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಬೇರೆಯವರು ಜೋರಾಗಿ ಓಡಿಸಿದರೆ ಕಾರು ಕುಣಿಯುತ್ತದೆ, ಇವರು ಓಡಿಸಿದಾಗ ರಸ್ತೆಗೆ ಅಂಟಿ ಕೂತಿತು. ಮಾವಿನ ತೋಪುಗಳ ನಡುವಿನ ಕೆಮ್ಮಣ್ಣು ರಸ್ತೆಯಲ್ಲಿ ಗಾಡಿಯ ಜಾಡು ಬಿಟ್ಟು, ಅಂಚಿನ ಹುಲ್ಲಿನ ಮೇಲೆ ಎರಡು ಚಕ್ರ ಇಟ್ಟು, ಎತ್ತಿನ ಕೋಡಿಗೂ ಕಾರಿಗೂ ನಡುವೆ ಒಂದು ಗೇಣು ಬಿಟ್ಟು ಹೋದರು. ಒಂದು ಹಾರನ್ನೂ ಹೊಡೆಯಲಿಲ್ಲ. ಹೊಡೆದರೆ ಎತ್ತು ಬೆದರುತ್ತದೆ, ಬೆದರಿದರೆ ಅಡ್ಡ ಬರುತ್ತದೆ, ಅದಕ್ಕೆ. ನಾನು ಗಡಿಯಾರ ನೋಡುತ್ತಾ ನಿಮಿಷ ಕೂಗುತ್ತಿದ್ದೆ. ಹೆದರಿಕೆ ಆಗಲಿಲ್ಲ. ಹೆದರಿಕೆ ಯಾಕೆ ಆಗುತ್ತಿಲ್ಲ ಎಂದು ಆಶ್ಚರ್ಯವಾಗುತ್ತಿತ್ತು.

ಅರ್ಧ ದಾರಿಯಲ್ಲಿ ಒಂದು ಕೆರೆ ಕೋಡಿ ಬಿದ್ದು ರಸ್ತೆಯ ಮೇಲೆ ಮೊಣಕಾಲುದ್ದ ನೀರು ಹರಿಯುತ್ತಿತ್ತು. ನಮಗಿಂತ ಮೊದಲು ಹೊರಟಿದ್ದ ಎರಡು ಕಾರುಗಳು ಈಚೆ ದಡದಲ್ಲಿ ನಿಂತಿದ್ದವು. ಅವುಗಳ ದೊರೆಗಳು ಮರದ ಕೆಳಗೆ ಚಾಪೆ ಹಾಕಿಸಿ, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿದ್ದರು. ಪಾಪ, ಕೆಟ್ಟು ನಿಂತಿವೆ ಎಂದುಕೊಂಡು ನಾನು ಅವರಿಗೆ ಕೈ ಬೀಸಿದೆ. ಅವರು ನಮ್ಮನ್ನು ಹುಚ್ಚರನ್ನು ನೋಡಿದ ಹಾಗೆ ನೋಡಿದರು. ನಿಜವಾಗಿ ಹುಚ್ಚರನ್ನೇ ನೋಡುತ್ತಿದ್ದರು.

ಬಾವ ಇಳಿದು ಬಾನೆಟ್ಟು ಎತ್ತಿ ಫ್ಯಾನ್ ಬೆಲ್ಟು ಕಳಚಿದರು. ಫ್ಯಾನು ತಿರುಗಿದರೆ ನೀರನ್ನು ಎರಚಿ ಇಂಜಿನ್ನು ನಿಲ್ಲಿಸಿಬಿಡುತ್ತದೆ. ಗೋಣಿಚೀಲ ಒಂದನ್ನು ಮುಂದುಗಡೆ ಕಟ್ಟಿದರು. ಆಚೆ ದಡದ ಹತ್ತಿರ ನೀರಿನಲ್ಲಿ ನಿಂತು ಬಟ್ಟೆ ಒಗೆಯುತ್ತಿದ್ದ ಹೆಂಗಸರ ಕಡೆ ನೋಡಿ, "ಆಯಮ್ಮ ನಿಂತಿರೋ ಕಡೆ ಕಲ್ಲು ಗಟ್ಟಿ," ಎಂದು, ಅವರನ್ನು ಪಕ್ಕಕ್ಕೆ ಸರಿಸಿ ಅದೇ ಜಾಗದ ಮೇಲೆ ಕಾರು ದಾಟಿಸಿದರು. ಬೆಲ್ಟು ಮತ್ತೆ ಹಾಕಿದರು. ಎಲ್ಲಾ ಸೇರಿ ನಾಲ್ಕು ನಿಮಿಷ ಹಿಡಿಯಿತು, ನಾನು ಎಣಿಸಿದ್ದೇನೆ.

ಮುಳಬಾಗಿಲಿನ ಮೇಜಿನ ಮುಂದೆ ಕಾರು ನಿಂತಾಗ ನನ್ನ ಗಡಿಯಾರದಲ್ಲಿ ಹತ್ತೂ ಐವತ್ತೈದು. ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮೆಯಿಲ್ಲ. ಹುಣಸೆಮರದ ಹಿಂದೆ ಕಾಯಲು ಹೊತ್ತೇ ಇರಲಿಲ್ಲ. ಮೇಜಿನ ಮೇಲೆ ಇನ್ನೂ ಬಟ್ಟೆ ಹಾಸುತ್ತಿದ್ದರು. ನಾನು ಕಾರ್ಡು ಚಾಚಿದೆ. ಅಲ್ಲಿದ್ದ ಆಫೀಸರು ಗಡಿಯಾರ ನೋಡಿದರು, ಕಾರ್ಡು ನೋಡಿದರು, ಮತ್ತೆ ಗಡಿಯಾರ ನೋಡಿ ಗುರುತು ಹಾಕಿದರು. ಆಮೇಲೆ ಕೇಳಿದರು: "ಕೋಡಿ ನೀರಿಗೋಸ್ಕರ ಹನ್ನೊಂದೂ ಇಪ್ಪತ್ತೈದಕ್ಕೆ ಬನ್ನಿ ಅಂತ ಹೇಳಿರಲಿಲ್ಲವೇ? ಈಗಲೇ ಯಾಕೆ ಬಂದಿರಿ?"

ಬಾವ ನನ್ನ ಮುಖ ನೋಡಿದರು. "ಏನಂದ್ರು ಅಲ್ಲಿ? ಮುಂದೆ ಅಂದ್ರಾ, ಮುಂದು ಅಂದ್ರಾ?" ಎಂದು ಮೆಲ್ಲಗೆ ಕೇಳಿದರು.

"ಮುಂದೆ," ಅಂದೆ.

ಅವರಿಗೆ ತಿಳಿಯಿತು. ನನಗೂ ಆಗಲೇ ತಿಳಿದಿತ್ತು, ಆ ಆಫೀಸರು ಬಾಯಿ ತೆರೆದಾಗಲೇ.

ಯಜಮಾನರು ಮುಳಬಾಗಿಲಿನಲ್ಲೇ ಕಾಯುತ್ತಿದ್ದರು. ಜೋಳಿಗೆಯ ಕೈ ಹಿಡಿದುಕೊಂಡು ಬಂದು, ಅರ್ಧ ಗಂಟೆ ಬೇಗ, ಅರವತ್ತು ಮಾರ್ಕು ಹೋಯಿತು ಎಂದು ಕೇಳಿ, "ಏನಯ್ಯ ಇದು?" ಅಂದರು. ಅವರು ಕೇಳಿದ್ದು ಬಾವನನ್ನು, ಹೇಳಬೇಕಾಗಿದ್ದದ್ದು ನಾನು. ಗಡಿಯಾರ ಕಟ್ಟಿದ್ದ ಕೈ ನನ್ನದು. ನನ್ನ ಬಾಯಿ ಏಳಲಿಲ್ಲ. ಬಾವ, "ಕೈ ತಡೀಲಿಲ್ಲ ಸ್ವಾಮಿ, ರಸ್ತೆ ಖಾಲಿ ಇತ್ತು," ಎಂದುಬಿಟ್ಟರು. ಯಜಮಾನರು ಬೈಯಲಿಲ್ಲ. "ಬಸ್ಸಿನವರು ಬಸ್ಸಿನವರೇ," ಎಂದು ಪಕ್ಕದಲ್ಲಿದ್ದವರಿಗೆ ಹೇಳಿ ಹೊರಟುಹೋದರು.

ಬೆಂಗಳೂರಿಗೆ ವಾಪಸು ಓಡಿಸುವಾಗ ನರಸಾಪುರ ದಾಟಿದ ಮೇಲೆ ನಾನೇ, ಯಾಕೆ ಹಾಗಂದಿರಿ ಬಾವ ಎಂದು ಕೇಳಿದೆ. "ಓಟದ ಹುಚ್ಚು ಅಂದ್ರೆ ಬೈತಾರೆ. ಮಾತು ತಿಳೀಲಿಲ್ಲ ಅಂದ್ರೆ ನಗ್ತಾರೆ," ಅಂದರು. "ಬೈಸ್ಕೋಬೌದು ಕಣೋ. ನಗಿಸ್ಕೊಳ್ಳೋಕಾಗಲ್ಲ." ಸ್ವಲ್ಪ ದೂರ ಹೋದ ಮೇಲೆ, "ನಿಮ್ಮಕ್ಕನಿಗೆ ಹೇಳ್ಬೇಡ. ಒಡಹುಟ್ಟಿದೋನು ಅಂತ ನೀನೊಬ್ಬನೇ ಅವಳಿಗೆ," ಅಂದರು. ನಾನು ಅತ್ತೆ. ಅವರು ರಸ್ತೆ ನೋಡುತ್ತಿದ್ದರು.

ಅಕ್ಕ ಒಬ್ಬಟ್ಟು ಮಾಡಿಟ್ಟಿದ್ದಳು. ಮರುದಿನ ಬಾವ ಮನೆಗೆ ಹೋಗಿ ಅವಳಿಗೂ ಅದೇ ಹೇಳಿದರು, ಕೈ ತಡೀಲಿಲ್ಲ ಅಂತ. ಅವಳು ನಂಬಿದಳು. ನಂಬಿ, ಅದನ್ನು ಬಿಡದೆ ಹಿಡಿದುಕೊಂಡಳು. ಬಾವ ಬಿಸಿ ಸಾರಿಗೆ ನಾಲಿಗೆ ಸುಟ್ಟುಕೊಂಡರೆ, ಒಂದು ಗುಂಡಿ ಕಿತ್ತು ಬಂದರೆ, ದೀಪ ಆರಿಸುವಾಗ ಚಿಮಣಿ ಒಡೆದರೆ, "ಆತುರಗಾರನಿಗೆ ಬುದ್ಧಿ ಮಟ್ಟ" ಎಂಬ ಗಾದೆ ಅವಳ ಬಾಯಲ್ಲಿ ತಯಾರಾಗಿರುತ್ತಿತ್ತು. ಬಾವ ತಲೆ ತಗ್ಗಿಸಿ ಮುದ್ದೆ ನುಂಗುತ್ತಿದ್ದರು. ಪಕ್ಕದ ಎಲೆಯಲ್ಲಿ ನಾನೂ ನುಂಗುತ್ತಿದ್ದೆ. ಅವಳು ನನಗೆ ಇನ್ನೊಂದು ಸೌಟು ಸಾರು ಬಿಡುತ್ತಿದ್ದಳು.

ಆಮೇಲೆ ಬಾವ ಸುಮ್ಮನೆ ಕೂರಲಿಲ್ಲ. ಮದ್ರಾಸಿನ ಒಂದು ಕಂಪನಿಗೆ, ಮೈಸೂರಿನ ಒಬ್ಬ ದೊಡ್ಡವರಿಗೆ, ಇನ್ನೂ ಯಾರು ಯಾರಿಗೋ ಅರ್ಜಿ ಹಾಕಿದರು. ಬರೆದವನು ನಾನೇ. ಅನುಭವ ಏನು ಎಂದು ಕೇಳಿದ ಕಡೆ ಪೆನ್ನು ನಿಂತುಬಿಡುತ್ತಿತ್ತು. ಟ್ರಯಲ್ ಓಡಿಸಿದ್ದಾರೆ ಎಂದು ಬರೆದರೆ ಕ್ಲಬ್ಬಿನ ಸರ್ಟಿಫಿಕೇಟು ಕೇಳುತ್ತಾರೆ. ಕ್ಲಬ್ಬಿನ ಪುಸ್ತಕದಲ್ಲಿ ಇರುವುದು ಕಾರಿನ ಒಡೆಯರ ಹೆಸರು. ಕೊನೆಗೆ "ಬಸ್ ಡ್ರೈವರ್" ಎಂದು ಬರೆದು ಟಪಾಲಿಗೆ ಹಾಕುತ್ತಿದ್ದೆ. ಬಸ್ ಡ್ರೈವರುಗಳು ನಮ್ಮಲ್ಲೇ ಬೇಕಾದಷ್ಟಿದ್ದಾರೆ ಎಂದು ಒಬ್ಬರು ಉತ್ತರ ಬರೆದರು. ಮಿಕ್ಕವರು ಅಷ್ಟೂ ಬರೆಯಲಿಲ್ಲ.

ಯುದ್ಧ ಬಂತು. ಪೆಟ್ರೋಲು ಕಟ್ಟಾಯಿತು, ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿದರು. ಆ ಇದ್ದಿಲು ಗ್ಯಾಸಿನ ಬಸ್ಸುಗಳನ್ನು ನೋಡದವರು ಪುಣ್ಯವಂತರು. ಬೆಳಗ್ಗೆ ಮುಕ್ಕಾಲು ಗಂಟೆ ಗಾಳಿ ಹಾಕಿದ ಮೇಲೆ ಒಂದು ಕೆಮ್ಮು ಕೆಮ್ಮುತ್ತಿತ್ತು, ಏರು ಬಂದ ಕಡೆ ಜನ ಇಳಿದು ತಳ್ಳಬೇಕಿತ್ತು. ಬಾವನನ್ನು ಶ್ರೀನಿವಾಸಪುರ–ಮುಳಬಾಗಿಲಿನ ದಾರಿಗೆ ಹಾಕಿದರು. ಮೂವತ್ತೈದು ನಿಮಿಷದಲ್ಲಿ ಮುಗಿಸಿದ ಅದೇ ಇಪ್ಪತ್ತು ಮೈಲಿಗೆ ಎರಡು ಗಂಟೆ, ಎರಡೂವರೆ ಗಂಟೆ. ಹೊಗೆ ಕುಡಿದು ಕುಡಿದು ಅವರ ಕಣ್ಣು ಸದಾ ಕೆಂಪಗಿರುತ್ತಿತ್ತು. ಸೊಂಟ ನೋವು ಹಿಡಿಯಿತು. ಬಸ್ಸು ಎಷ್ಟೊತ್ತಿಗೆ ಬರುತ್ತೆ ಎಂದು ಜನ ಕೇಳಿದರೆ, ಬಂದಾಗ ಎಂದು ನಾನು ಹೇಳುತ್ತಿದ್ದೆ. ಹೊತ್ತು ಬರೆಯುವ ಪುಸ್ತಕ ಮುಟ್ಟುವುದಕ್ಕೇ ನನಗೆ ಬ್ಯಾಸರವಾಗಿತ್ತು. ನಾವಿಬ್ಬರೂ ದಣಿದುಹೋಗಿದ್ದೆವು. ಆದರೂ ಸಿಕ್ಕಿದಾಗೆಲ್ಲ ಬಾವ ತಮಾಷೆ ಮಾಡುವರು: "ಏನ್ಲಾ, ಒಂದು ಮಾತಿನಲ್ಲಿ ನನ್ನ ಬೊಂಬಾಯಿ ತಪ್ಪಿಸಿದೆಯಲ್ಲೋ!" ಅದು ಕೋಪವಲ್ಲ. ಅದನ್ನು ಹೇಳುವಾಗ ಅವರ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು.

ಯುದ್ಧ ಮುಗಿದು ಒಂದೆರಡು ವರ್ಷಕ್ಕೆ ಟ್ರಯಲ್ ಮತ್ತೆ ಶುರುವಾಗುತ್ತದೆ ಎಂದು ಸುದ್ದಿ ಬಂತು. ಬಾವನಿಗೆ ಆಗಲೇ ನಲವತ್ತು ದಾಟಿತ್ತು. ಅವರು ತಾವಾಗಿ ಹೋಗಿ ಕೇಳುವವರಲ್ಲ. ಈಗಲಾದರೂ ನಿಜ ಹೇಳಿ ಒಂದು ಸೀಟು ಕೇಳೋಣ ಎಂದು ನಾನೇ ಹೊರಟೆ. ಅಕ್ಕ ಬಾವ ಇಬ್ಬರಿಗೂ, ಯಜಮಾನರನ್ನು ನೋಡಿ ಬರುತ್ತೇನೆ ಎಂದಷ್ಟೇ ಹೇಳಿ, ಮಾಲೂರಿಗೆ ಬಸ್ಸಿನಲ್ಲಿ ಬಂದು ಅಲ್ಲಿ ರೈಲು ಹತ್ತಿದೆ.

ಯಜಮಾನರು ಅಂಗಡಿಯಲ್ಲೇ ಇದ್ದರು, ಕೂದಲು ಬೆಳ್ಳಗಾಗಿತ್ತು. ಬಾವನ ವಿಷಯ ತೆಗೆದರೆ, "ಹೌದು ಹೌದು, ಮುಳಬಾಗಿಲಿನವನು. ಒಳ್ಳೆ ಕೈ. ಆ ಸಲ ನಾವು ಸೋತದ್ದು ಟೈರು ಒಡೆದಲ್ಲವೇ?" ಅಂದರು.

ಅವರಿಗೆ ನೆನಪೇ ಇರಲಿಲ್ಲ! ನಾನು ನಿಂತುಕೊಂಡೇ ಎಲ್ಲಾ ಹೇಳಿದೆ. ಆ ಮಾತು ನಾನು ತಪ್ಪಾಗಿ ಕೇಳಿಸಿಕೊಂಡದ್ದು, ಬಾವ ತಪ್ಪು ಹೊತ್ತುಕೊಂಡದ್ದು, ಎಲ್ಲಾ. ಅವರು ನಕ್ಕರು. ಮುಂದು, ಮುಂದೆ ಎಂದು ಎರಡೆರಡು ಸಲ ಹೇಳಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಬಾವ ಯಾವುದಕ್ಕೆ ಹೆದರಿದ್ದರೋ ಅದನ್ನು ನಾನೇ ತಂದು ಅವರ ಮುಂದೆ ಇಟ್ಟಿದ್ದೆ. ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದರು: "ಪಾಪ, ಇದಕ್ಕೆ ಇಷ್ಟು ವರ್ಷ ಕೊರಗಿದೆಯೇನಯ್ಯ? ಅವನು ನಿಮಿಷಕ್ಕೆ ಸರಿಯಾಗಿ ಬಂದಿದ್ದರೂ ಸೀಟು ಎಲ್ಲಿ ಸಿಗುತ್ತಿತ್ತು? ಕಾರು ಇರೋ ಮೆಂಬರುಗಳೇ ಓಡಿಸಬೇಕು ಅಂತ ರೂಲು. ನನ್ನ ಕೈ ಮುರಿದಿತ್ತು ಅಂತ ಒಂದೇ ಒಂದು ಸಲ ಬಿಟ್ಟರು."

"ನಿನ್ನ ಹೆಸರಲ್ಲೇ ಓಡು ಅಂದಿದ್ದಿರಿ ಸ್ವಾಮಿ."

"ಅಂದಿರಬಹುದು. ಹುರುಪು ಬರಲಿ ಅಂತ ಒಂದು ಮಾತು ಅಂತೀವಿ." ಒಳ್ಳೆಯ ಮನುಷ್ಯರು. ನನಗೆ ಕಾಫಿ ತರಿಸಿದರು. ಅಂಗಡಿಯ ಲಾರಿಗೆ ಡ್ರೈವರು ಬೇಕಾದರೆ ಹೇಳಿಕಳಿಸುತ್ತೇನೆ ಎಂದರು.

ನನ್ನ ತಲೆಯ ಮೇಲಿನ ಭಾರ ಇಳಿಯಬೇಕಿತ್ತು. ತಪ್ಪು ನನ್ನದಲ್ಲ, ಇಲ್ಲದ ಸೀಟನ್ನು ನಾನು ಹೇಗೆ ಕಳೆದೇನು? ಆದರೆ ರೈಲಿನಲ್ಲಿ ಕೂತವನಿಗೆ ಅದು ಇಳಿಯಲಿಲ್ಲ. ಒಂದು ಮಾತಿನಿಂದ ಸೀಟು ತಪ್ಪಿಹೋಯಿತು ಅನ್ನುವುದು ಬೇರೆ, ಮೊದಲಿನಿಂದಲೂ ಇರಲೇ ಇಲ್ಲ ಅನ್ನುವುದು ಬೇರೆ. ಮೊದಲನೆಯದನ್ನು ಇಟ್ಟುಕೊಂಡು ಒಬ್ಬ ಮನುಷ್ಯ ಇದ್ದಿಲಿನ ಬಸ್ಸು ಓಡಿಸಬಲ್ಲ. ಎರಡನೆಯದನ್ನು ಇಟ್ಟುಕೊಂಡು ಏನು ಮಾಡುತ್ತಾನೆ?

ಮರುದಿನ ಮಧ್ಯಾಹ್ನ ಮುಳಬಾಗಿಲಿನ ಮನೆಗೆ ಹೋದೆ. ಬಾವ ಊಟಕ್ಕೆ ಕೂತಿದ್ದರು, ಅಕ್ಕ ಬಡಿಸುತ್ತಿದ್ದಳು. "ಏನಂದ್ರು?" ಎಂದು ಬಾವ ಕೇಳಿದರು. ಕೇಳಿದ್ದು ನನ್ನನ್ನಾದರೂ ನೋಡುತ್ತಿದ್ದದ್ದು ತಟ್ಟೆಯನ್ನು.

"ಈಗ ವಯಸ್ಸಾಯ್ತಂತೆ ಬಾವ, ಆಗಲ್ಲ ಅಂದ್ರು. ಆದ್ರೆ ಅವತ್ತು ಆ ಅರ್ಧ ಗಂಟೆ ತಪ್ಪದೇ ಇದ್ದಿದ್ರೆ ಸೀಟು ನಿಮ್ದೇ ಆಗ್ತಿತ್ತಂತೆ. ಕಾಗದಾನೂ ಬರೆಸಿಟ್ಟಿದ್ರಂತೆ. ಅಂಥಾ ಕೈ ಮತ್ತೆ ನೋಡ್ಲಿಲ್ಲ ಅಂದ್ರು."

"ಹಂಗಂದ್ರಾ?" ಬಾವ ತಲೆ ಎತ್ತಿದರು. "ಕಾಗದ ಬರೆಸಿಟ್ಟಿದ್ರಾ?"

"ಹೂಂ ಬಾವ."

ಅವರ ಮುಖ ನೋಡಿ, ಸುಳ್ಳು ಹೇಳಿದ್ದಕ್ಕೆ ನನಗೆ ಯಾವ ಪಶ್ಚಾತ್ತಾಪವೂ ಆಗಲಿಲ್ಲ. ಆದರೆ ಅಕ್ಕ ಸೌಟು ಹಿಡಿದು ನಿಂತಿದ್ದವಳು, "ಇನ್ನರ್ಧ ಗಂಟೆ ತಾಳ್ಕೊಂಡಿದ್ರೆ ಆಗ್ತಿತ್ತು. ಆತುರಗಾರನಿಗೆ..." ಎಂದು ಶುರುಮಾಡಿದಳು. ಬಾವನ ತಲೆ ಮತ್ತೆ ತಗ್ಗಿತು. ನನಗೆ ತಡೆಯಲಾಗಲಿಲ್ಲ.

"ಅವರ ಆತುರ ಅಲ್ಲಕ್ಕ. ಹೊತ್ತು ತಪ್ಪು ಹೇಳಿದೋನು ನಾನು."

"ಲೇ, ಸುಮ್ನಿರ್ಲಾ," ಅಂದರು ಬಾವ. ನಾನು ಸುಮ್ಮನಿರಲಿಲ್ಲ. ಆ ಮೈಸೂರಿನವರು ಏನಂದರು, ನಾನು ಏನು ಕೇಳಿಸಿಕೊಂಡೆ, ಯಜಮಾನರ ಮುಂದೆ ಹೇಗೆ ಬಾಯಿ ಮುಚ್ಚಿಕೊಂಡು ನಿಂತೆ, ಎಲ್ಲವನ್ನೂ ಹೇಳಿದೆ. ಇಲ್ಲದ ಸೀಟಿನ ವಿಷಯ ಒಂದನ್ನು ಮಾತ್ರ ಹೇಳಲಿಲ್ಲ. ಅಕ್ಕ ಗಂಡನ ಕಡೆ ಬಹಳ ಹೊತ್ತು ನೋಡಿದಳು. ಇಷ್ಟು ವರ್ಷ ಆ ಗಾದೆಯನ್ನು ಎಷ್ಟು ಸಲ ಎಸೆದಿದ್ದಳು ಎಂದು ಲೆಕ್ಕ ಹಾಕುತ್ತಿದ್ದಳೋ ಏನೋ. ಸೌಟು ಕೆಳಗಿಟ್ಟು ಒಳಗೆ ಹೋದಳು.

ಬಾವ ಆ ವಾರ ಸ್ಟ್ಯಾಂಡಿನಲ್ಲಿ ಸಿಕ್ಕಿದವರಿಗೆಲ್ಲ ಆ ಕಾಗದದ ವಿಷಯ ಹೇಳಿದರು. ನನ್ನ ಮುಂದೆಯೇ ಹೇಳಿ, ಸಾಕ್ಷಿಗೆ ನನ್ನ ಕಡೆ ನೋಡುತ್ತಿದ್ದರು. ಸಾಯುವವರೆಗೂ ಹೇಳಿದರು.

ಅಕ್ಕ ಆ ಮಧ್ಯಾಹ್ನದಿಂದ ನನ್ನ ಜೊತೆ ಮಾತು ಬಿಟ್ಟಳು. ಹೋದರೆ ತಟ್ಟೆ ಇಡುತ್ತಾಳೆ, ಬಡಿಸುತ್ತಾಳೆ, ಒಳಗೆ ಹೋಗುತ್ತಾಳೆ. ಬಾವ ಹೋದ ಮೇಲೆ ಒಂದೆರಡು ಸಲ, ಆ ಸೀಟು ಇರಲೇ ಇಲ್ಲ ಎಂದು ನಿಜ ಹೇಳಿಬಿಡೋಣ ಅನ್ನಿಸಿತು, ನಾಲಿಗೆಯ ತುದಿಯವರೆಗೂ ಬಂತು. ಈಗ ಅವಳು ಒಳಗೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೇಳುವುದು ಊಟಕ್ಕೆ ಕೂತ ನನಗೂ ಕೇಳಿಸುತ್ತದೆ: "ನಿಮ್ಮ ತಾತ ಬೊಂಬಾಯಿಗೆ ಹೋಗ್ಬೇಕಾಗಿತ್ತು. ನನ್ನ ತಮ್ಮ ಕೆಡಿಸ್ದ." ಮಕ್ಕಳು ಬಾಗಿಲಿಗೆ ಬಂದು ನನ್ನನ್ನು ನೋಡಿ, ಹೌದಾ ತಾತ ಎಂದು ಕೇಳುತ್ತವೆ. ಹೌದು ಕಣ್ರಪ್ಪ ಅನ್ನುತ್ತೇನೆ.